ಹಳೇ ಟ್ರ್ಯಾಕ್ಟರಿಗೆ ಮರುಜೀವ: ಬ್ರೇಕು ಮೊದಲು, ಬಣ್ಣ ಆಮೇಲೆ



ಕಳೆದ ವರ್ಷ ಭದ್ರಾ ಅಚ್ಚುಕಟ್ಟಿನ ಒಂದು ಹಳ್ಳಿಯಲ್ಲಿ ಸ್ವ-ಸಹಾಯ ಸಂಘದ ಸಭೆಗೆ ಹೋಗಿದ್ದೆ. ಸಾಲದ ಅರ್ಜಿಗಳ ಪೈಕಿ ಒಂದು ಬೇರೆ ಥರ ಇತ್ತು. ಹಸು, ಹೊಲಿಗೆ ಯಂತ್ರ, ಮಕ್ಕಳ ಫೀಸು, ಇವೇ ನಮಗೆ ರೂಢಿ. ಇದರಲ್ಲಿ "ಉದ್ದೇಶ: ಹಳೇ ಟ್ರ್ಯಾಕ್ಟರ್ ರೆಡಿ ಮಾಡಿಸಲು" ಅಂತ ಬರೆದಿತ್ತು. ಅರ್ಜಿ ಹಾಕಿದ ಅಕ್ಕನ ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಅವರು ಓಡಿಸುತ್ತಿದ್ದ ಮ್ಯಾಸಿ 1035 ಗಾಡಿ ಅಂದಿನಿಂದ ಹಿತ್ತಲ ಹುಣಸೆ ಮರದ ಕೆಳಗೆ ನಿಂತೇ ಇತ್ತು. ಮಗ ಐ.ಟಿ.ಐ.ನಲ್ಲಿ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಪೇಟೆಯ ಗ್ಯಾರೇಜಿಗೆ ಹೋಗುತ್ತಿದ್ದ. ಅಪ್ಪನ ಗಾಡಿಯನ್ನು ತಾನೇ ಕಟ್ಟಬೇಕು, ಊರಿನ ಗದ್ದೆಗಳಿಗೆ ಬಾಡಿಗೆಗೆ ಹೊಡೆಯಬೇಕು ಎಂಬುದು ಅವನ ಆಸೆ.

ಆಸೆ ಒಳ್ಳೆಯದೇ. ಆದರೆ ಖರ್ಚಿನ ಪಟ್ಟಿ ನೋಡಿ: ಬಣ್ಣ, ಮುಂದಕ್ಕೆ ದೊಡ್ಡ ಬಂಪರ್, ಹಿಂದಕ್ಕೆ ಅಗಲದ ಟೈರು, ಎಲ್.ಇ.ಡಿ. ಲೈಟು, ಸೌಂಡ್ ಬಾಕ್ಸು, ಪ್ರೆಷರ್ ಹಾರ್ನ್. ಕೊನೆಯ ಸಾಲಿನಲ್ಲಿ "ಎಂಜಿನ್ ಚಿಲ್ಲರೆ ಕೆಲಸ". ಬ್ರೇಕ್ ಎಂಬ ಪದವೇ ಇರಲಿಲ್ಲ.

ಸಂಘದ ಅಧ್ಯಕ್ಷೆ ನನ್ನ ಕಡೆ ನೋಡಿ, "ಏನ್ ಸಿಸ್ಟರ್, ಇದಕ್ಕೆ ಸಾಲ ಕೊಡಬಹುದಾ?" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಎಂ.ಎಸ್.ಡಬ್ಲ್ಯು. ಓದುವಾಗ ನಮಗೆ ಯಾರೂ ಟ್ರ್ಯಾಕ್ಟರಿನ ಪಾಠ ಮಾಡಿರಲಿಲ್ಲ. ಮುಂದಿನ ಸಭೆಗೆ ಹೇಳ್ತೀನಿ ಎಂದು ಆ ಪಟ್ಟಿ ಹಿಡಿದುಕೊಂಡು ಪೇಟೆಯ ಒಬ್ಬ ಹಿರಿಯ ಟ್ರ್ಯಾಕ್ಟರ್ ಮೇಸ್ತ್ರಿಯವರ ಹತ್ತಿರ ಹೋದೆ. ಮೂರು ಶನಿವಾರ ಅವರ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕೇಳಿದ್ದು, ಆಮೇಲೆ ಓದಿ ತಿಳಿದದ್ದು, ಎರಡೂ ಸೇರಿ ಈ ಸಂಚಿಕೆಯ ಪಾಠ. ನಮ್ಮ ಸಂಘಗಳಲ್ಲಿ ಇಂತಹ ಅರ್ಜಿಗಳು ಇನ್ನೂ ಬರುತ್ತವೆ, ಆದ್ದರಿಂದ ದಯವಿಟ್ಟು ಓದಿ.

ಹಳೇದು ಎಂದರೆ ಗುಜರಿಯಲ್ಲ

ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿರುವ ಹಳೇ ಟ್ರ್ಯಾಕ್ಟರುಗಳಿಗೆ ಒಂದೊಂದು ಚರಿತ್ರೆ ಇದೆ. ಚೆನ್ನೈನ ಟಾಫೆ ಕಂಪನಿ ಶುರುವಾದದ್ದು 1960ರಲ್ಲಿ. ಮ್ಯಾಸಿ ಫರ್ಗುಸನ್ ಗಾಡಿಗಳು ನಮಗೆ ಬಂದದ್ದು ಅಲ್ಲಿಂದ. ಮಹೀಂದ್ರದವರು 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಬಿ-275 ತಂದರು. 1971ರಲ್ಲಿ ಹೆಚ್.ಎಂ.ಟಿ.ಯವರು ಪಿಂಜೋರ್‌ನಲ್ಲಿ ಝೆಟಾರ್ ತಯಾರಿಸತೊಡಗಿದರು. ಕೈಗಡಿಯಾರದ ಹೆಚ್.ಎಂ.ಟಿ.ಯೇ ಟ್ರ್ಯಾಕ್ಟರನ್ನೂ ಮಾಡುತ್ತಿತ್ತು ಎಂದರೆ ಈಗಿನ ಮಕ್ಕಳು ನಂಬೋದಿಲ್ಲ. 1974ರಲ್ಲಿ ಬಂದ ಸ್ವರಾಜ್ 724ರ ವಿನ್ಯಾಸ ನಮ್ಮ ದೇಶದ್ದೇ, ದುರ್ಗಾಪುರದ ಸರಕಾರಿ ಸಂಶೋಧನಾ ಸಂಸ್ಥೆಯದು.

ಈ ಗಾಡಿಗಳ ಹಿಂಭಾಗದಲ್ಲಿ ನೇಗಿಲು, ಕಲ್ಟಿವೇಟರ್ ಕೂಡಿಸುವ ಮೂರು ತೋಳುಗಳಿವೆಯಲ್ಲ, ಅದನ್ನು ಹೈಡ್ರಾಲಿಕ್ ಲಿಫ್ಟಿನೊಂದಿಗೆ ಪ್ರಪಂಚಕ್ಕೆ ಪರಿಚಯಿಸಿದವರು ಹ್ಯಾರಿ ಫರ್ಗುಸನ್. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಅವರ ಟಿ.ಇ. 20 ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್ 5 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅಲ್ಲಿ ಇವತ್ತಿಗೂ ಜನ ಅದನ್ನು ಬಿಚ್ಚಿ, ತಿಕ್ಕಿ, ಕಾರ್ಖಾನೆಯಿಂದ ಹೊರಬಂದ ಹಾಗೆಯೇ ಮಾಡಿ ಮೇಳಗಳಿಗೆ ತರುತ್ತಾರೆ. ಅವರದು ಹವ್ಯಾಸ. ನಮ್ಮದು ಹೊಟ್ಟೆಪಾಡು. ಅವರ ಗಾಡಿ ವರ್ಷಕ್ಕೆ ನಾಲ್ಕು ದಿನ ಓಡಿದರೆ ಸಾಕು, ನಮ್ಮದು ನಾಟಿ ಕಾಲದಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೆಸರಿನಲ್ಲಿ ಇರಬೇಕು. ಹಾಗಾಗಿ ಕಟ್ಟುವ ಕ್ರಮವೂ ಬೇರೆ.

ಬಿಡಿಭಾಗದ ಮಾತು ಮೊದಲೇ ಹೇಳಿಬಿಡುತ್ತೇನೆ. ಮ್ಯಾಸಿ, ಮಹೀಂದ್ರ, ಸ್ವರಾಜ್ ಗಾಡಿಗಳ ಸಾಮಾನು ತಾಲ್ಲೂಕು ಮಟ್ಟದಲ್ಲೇ ಸಿಗುತ್ತದೆ. ಹೆಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತು. ಅಂತಹ ಗಾಡಿ ಅಗ್ಗಕ್ಕೆ ಸಿಕ್ಕರೂ ಗೇರು, ಲೈನರ್, ಪಂಪಿನ ಸಾಮಾನು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿಕೊಂಡೇ ಕೈ ಹಾಕಬೇಕು.

ಬಿಚ್ಚುವ ಮುಂಚೆ ನೋಡುವುದು

ವರ್ಷಗಟ್ಟಲೆ ನಿಂತ ಗಾಡಿಗೆ ಹುಡುಗರು ಮಾಡುವ ಮೊದಲ ತಪ್ಪು ಎಂದರೆ, ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡಲು ನೋಡುವುದು. ಒಳಗೆ ರಿಂಗುಗಳು ಲೈನರಿಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ, ವಾಲ್ವು ಸಿಕ್ಕಿಕೊಂಡಿರುತ್ತದೆ. ಎಳೆದರೆ ರಿಂಗು ಮುರಿಯುತ್ತದೆ, ಪುಷ್ ರಾಡ್ ಬಾಗುತ್ತದೆ. ಐದು ಸಾವಿರದಲ್ಲಿ ಮುಗಿಯುವುದು ಐವತ್ತಕ್ಕೆ ಹೋಗುತ್ತದೆ. ಮೇಸ್ತ್ರಿಯವರು ಮಾಡಿದ್ದು ಇಷ್ಟೇ: ನಾಝಲ್‌ಗಳನ್ನು ಬಿಚ್ಚಿ, ಆ ತೂತುಗಳಿಂದ ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಸುಮ್ಮನೆ ಬಿಟ್ಟರು. ಆಮೇಲೆ ಮುಂದಿನ ಪುಲ್ಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರು. ತಿರುಗಿತು. ಟ್ಯಾಂಕಿನ ಹಳೇ ಡೀಸೆಲ್ ಚೆಲ್ಲದೆ ಡಬ್ಬಿಗೆ ಇಳಿಸಿ, ಟ್ಯಾಂಕ್ ತೊಳೆದು, ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿದ ಮೇಲೆಯೇ ಬ್ಯಾಟರಿ ಕೂಡಿಸಿದ್ದು.

ಓಡುವ ಗಾಡಿಯನ್ನು ಕೊಳ್ಳಲು ಹೋಗುವವರು ಬೆಳಗ್ಗೆ ಬೇಗ, ಹೇಳದೆ ಹೋಗಬೇಕು. ಮೊದಲು ರೇಡಿಯೇಟರ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಮಾರುವವರು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿನ ಎಂಜಿನ್ ತನ್ನ ರೋಗ ಮುಚ್ಚಿಡುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ರಿಂಗು ಲೈನರ್ ಸವೆದಿವೆ. ಕಪ್ಪು ಹೊಗೆ ಎಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ: ಪಂಪು, ನಾಝಲ್ ಅಥವಾ ಬರೀ ಏರ್ ಕ್ಲೀನರ್ ಕಟ್ಟಿಕೊಂಡಿರಬಹುದು. ಬಿಳಿ ಹೊಗೆ ಮೊದಲ ಒಂದೆರಡು ನಿಮಿಷ ಬಂದರೆ ಚಿಂತೆಯಿಲ್ಲ. ನಿಲ್ಲದೇ ಬಂದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಸಂಶಯ ಪಡಬೇಕು. ಆಯಿಲ್ ಗೇಜ್ ಕಡ್ಡಿ ಎಳೆದಾಗ ಹಾಲು ಬೆರೆಸಿದ ಹಾಗೆ ಕಂಡರೆ ಆಯಿಲಿಗೆ ನೀರು ಸೇರಿದೆ.

ಲಿಫ್ಟಿನ ಪರೀಕ್ಷೆ ನನಗೆ ಬಹಳ ಇಷ್ಟವಾಯಿತು, ಏಕೆಂದರೆ ಅದಕ್ಕೆ ಯಾವ ಉಪಕರಣವೂ ಬೇಡ. ಕಲ್ಟಿವೇಟರ್ ಎತ್ತಿಸಿ, ಎಂಜಿನ್ ಬಂದ್ ಮಾಡಿ, ದೂರ ನಿಂತು ಚಹಾ ಕುಡಿಯಿರಿ. ಚಹಾ ಮುಗಿಯುವುದರೊಳಗೆ ಅದು ನೆಲಕ್ಕೆ ಕೂತರೆ ಹೈಡ್ರಾಲಿಕ್ ಒಳಗೆ ಸೋರುತ್ತಿದೆ. ಎತ್ತಿದ ಕಲ್ಟಿವೇಟರಿನ ಕೆಳಗೆ ಮಾತ್ರ ಯಾರೂ ಕೈ ಕಾಲು ಚಾಚಬಾರದು.

ಬ್ರೇಕಿನ ವಿಷಯಕ್ಕೆ ಬರೋಣ. ಟ್ರ್ಯಾಕ್ಟರಿಗೆ ಬಲ, ಎಡ ಎಂದು ಎರಡು ಬ್ರೇಕ್ ಪೆಡಲ್ ಇರುತ್ತವೆ. ಗದ್ದೆಯ ಮೂಲೆಯಲ್ಲಿ ತಿರುಗಿಸಲು ಒಂದನ್ನೇ ತುಳಿಯುತ್ತಾರೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಕೊಂಡಿ ಹಾಕಲೇಬೇಕು. ಹಳೇ ಗಾಡಿಗಳಲ್ಲಿ ಆ ಕೊಂಡಿ ಬಿದ್ದುಹೋಗಿ ಎಷ್ಟೋ ವರ್ಷ ಆಗಿರುತ್ತದೆ. ಟ್ರೇಲರ್ ತುಂಬಾ ಭತ್ತದ ಚೀಲ ಹೇರಿಕೊಂಡು ರಸ್ತೆಯಲ್ಲಿ ಒಂದೇ ಪೆಡಲ್ ತುಳಿದರೆ ಗಾಡಿ ಅದೇ ಪಕ್ಕಕ್ಕೆ ಎಳೆದು ಮಗುಚುತ್ತದೆ. ಇನ್ನೊಂದು: ಹಿಂದಿನ ಆಕ್ಸಲ್ ಸೀಲ್ ಸೋರಿ ಬ್ರೇಕ್ ಲೈನರಿನ ಮೇಲೆ ಎಣ್ಣೆ ಬಿದ್ದಿದ್ದರೆ ಹೊಸ ಲೈನರ್ ಹಾಕಿಸಿ ಪ್ರಯೋಜನವಿಲ್ಲ. ಮೊದಲು ಸೀಲ್. ನಮ್ಮ ಅಕ್ಕನ ಗಾಡಿಯಲ್ಲಿ ಬಲಗಡೆ ಇದೇ ಕಥೆ ಇತ್ತು.

ಗಾಡಿ ಎರಡು ತುಂಡಾಗುವ ದಿನ

ಕಾರಿಗೆ, ಲಾರಿಗೆ ಕೆಳಗೆ ಚಾಸಿಸ್ ಇರುತ್ತದೆ. ಈ ಹಳೇ ಟ್ರ್ಯಾಕ್ಟರುಗಳಿಗೆ ಅದಿಲ್ಲ. ಮುಂದೆ ಎಂಜಿನ್, ಅದಕ್ಕೆ ಬೋಲ್ಟ್ ಮಾಡಿದ ಗೇರ್ ಬಾಕ್ಸ್, ಅದಕ್ಕೆ ಹಿಂದಿನ ಆಕ್ಸಲ್. ಅವೇ ಗಾಡಿಯ ಬೆನ್ನುಮೂಳೆ. ಹೀಗಾಗಿ ಒಂದು ಕ್ಲಚ್ ಪ್ಲೇಟ್ ಬದಲಾಯಿಸಬೇಕಾದರೂ ಗಾಡಿಯನ್ನು ನಡುವೆ ಎರಡು ತುಂಡು ಮಾಡಬೇಕು. ಗ್ಯಾರೇಜಿನಲ್ಲಿ ಅತಿ ಅಪಾಯದ ಕೆಲಸಗಳಲ್ಲಿ ಇದೊಂದು.

ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೂಗುಯ್ಯಾಲೆಯ ಹಾಗೆ ಆಡುತ್ತದೆ. ಏರುಪೇರು ನೆಲದಲ್ಲಿ ನಾಲ್ಕು ಚಕ್ರವೂ ನೆಲ ಮುಟ್ಟಲಿ ಎಂದು ಹಾಗೆ ಮಾಡಿದ್ದಾರೆ. ಆದರೆ ಹಿಂಭಾಗ ಬೇರ್ಪಟ್ಟ ಕ್ಷಣ ಇಡೀ ಎಂಜಿನ್ ಆ ಒಂದು ಪಿನ್ನಿನ ಮೇಲೆ ನಿಲ್ಲುತ್ತದೆ, ಪಕ್ಕಕ್ಕೆ ವಾಲಿಬಿಡುತ್ತದೆ. ಅದಕ್ಕೇ ಬೋಲ್ಟ್ ಸಡಿಲಿಸುವ ಮುಂಚೆ ಆಕ್ಸಲಿನ ಎರಡೂ ಕಡೆ ಗಟ್ಟಿ ಮರದ ಬೆಣೆ ಹೊಡೆಯಬೇಕು. ಹಿಂಭಾಗಕ್ಕೆ ಕಬ್ಬಿಣದ ಸ್ಟ್ಯಾಂಡ್, ಮುಂಭಾಗಕ್ಕೆ ಇನ್ನೊಂದು, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು. ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಇಟ್ಟಿಗೆಯ ಮೇಲಂತೂ ನಿಲ್ಲಿಸಲೇಬಾರದು, ಅದು ಹೇಳದೆ ಒಡೆಯುತ್ತದೆ.

ಗಾಡಿ ಎರಡಾದ ದಿನವೇ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಎಲ್ಲಾ ನೋಡಿ ಮುಗಿಸಬೇಕು. ಮುನ್ನೂರು ರೂಪಾಯಿ ಸೀಲ್ ಉಳಿಸಲು ಹೋಗಿ ಮೂರು ತಿಂಗಳಿಗೆ ಮತ್ತೆ ಬಿಚ್ಚಿಸಿದವರನ್ನು ಮೇಸ್ತ್ರಿಯವರು ಲೆಕ್ಕ ಹಾಕಿ ಹೇಳಿ ನಕ್ಕರು.

ಲೈನರ್ ಪಿಸ್ಟನ್ ಸೆಟ್ ಹಾಕಿಸುವುದು, ಕ್ರ್ಯಾಂಕ್ ಗ್ರೈಂಡಿಂಗ್ ಇವು ಲೇತ್ ಕೆಲಸದವರ ಕೈಯಲ್ಲಿ. ಡೀಸೆಲ್ ಪಂಪಂತೂ ಗ್ಯಾರೇಜಿನ ಹುಡುಗರು ಮುಟ್ಟಬಾರದ ವಸ್ತು. ಹಳೇ ಗಾಡಿಗಳಲ್ಲಿ ಎಷ್ಟೋ ಪಂಪುಗಳು ನಮ್ಮ ಬೆಂಗಳೂರಿನ ಮೈಕೋ ಕಂಪನಿಯವು. ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡರೂ ಜನ ಇನ್ನೂ ಮೈಕೋ ಪಂಪು ಎಂದೇ ಕರೆಯುತ್ತಾರೆ. ಟೆಸ್ಟ್ ಬೆಂಚ್ ಇರುವ ಅಂಗಡಿಯಲ್ಲಿ ಕೂಡಿಸಿ, ಎಲ್ಲ ಸಿಲಿಂಡರಿಗೂ ಸಮನಾಗಿ ಡೀಸೆಲ್ ಹೋಗುವಂತೆ ಅಳತೆ ಮಾಡಿಸಿಕೊಂಡು ಬರಬೇಕು.

ಹುಡುಗರ ಕೈ, ಹುಡುಗರ ಜೀವ

ತಾಯಂದಿರು ಈ ಭಾಗವನ್ನು ಮಗನ ಮುಂದೆ ಗಟ್ಟಿಯಾಗಿ ಓದಿ.

ನಾಝಲ್ ಸರಿಯಾಗಿದೆಯೋ ಇಲ್ಲವೋ ನೋಡಲು ಡೀಸೆಲ್ ಚಿಮ್ಮಿಸುತ್ತಾರೆ. ಆ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ನೂರೈವತ್ತು, ಇನ್ನೂರು ಪಟ್ಟು. ಎದುರಿಗೆ ಬೆರಳು ಹಿಡಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಕಡಿಮೆ. ಅರಿಶಿನ ಹಚ್ಚಿಕೊಂಡು ಮನೆಗೆ ಬರುತ್ತಾರೆ. ಗಂಟೆಗಳು ಕಳೆದಂತೆ ಒಳಗೆ ಊದಿ, ಕೊಳೆತು, ಬೆರಳೇ ತೆಗೆಯುವ ಸ್ಥಿತಿ ಬರಬಹುದು. ತಕ್ಷಣ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಬರೀ ಗಾಯ ಎಂದರೆ ಟಿ.ಟಿ. ಕೊಟ್ಟು ಕಳಿಸುವ ಸಂಭವ ಇದೆ.

ಹಳೇ ಬ್ರೇಕ್ ಲೈನರ್, ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ದೂಳನ್ನು ಏರ್ ಹೊಡೆದು ಹಾರಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣಗಿದ ಬಣ್ಣ ಉಜ್ಜುವಾಗಲೂ ಹಾಗೆಯೇ, ಮುಖಕ್ಕೆ ಮಾಸ್ಕ್ ಬೇಕು, ಮನೆಯ ಚಿಕ್ಕ ಮಕ್ಕಳು ಹತ್ತಿರ ಇರಬಾರದು. ಬಳಸಿದ ಎಂಜಿನ್ ಆಯಿಲಿನಲ್ಲಿ ಕೈ ಅದ್ದಿ ಪೆಟ್ರೋಲಿನಿಂದ ತೊಳೆಯುವ ಚಟ ಬಿಡಬೇಕು, ಚರ್ಮಕ್ಕೆ ಅದು ವಿಷ. ಆ ಆಯಿಲನ್ನು ಹಿತ್ತಲಿಗೆ ಚೆಲ್ಲಿದರೆ ಬಾವಿಗೆ ಇಳಿಯುತ್ತದೆ.

14 ವರ್ಷ ತುಂಬದ ಮಗುವನ್ನು ಗ್ಯಾರೇಜಿಗೆ ಕೆಲಸಕ್ಕೆ ಕಳಿಸುವುದು ಕಾನೂನಿಗೆ ವಿರುದ್ಧ. "ಕೆಲಸ ಕಲೀಲಿ ಬಿಡಿ ಸಿಸ್ಟರ್" ಎನ್ನುವವರಿಗೂ ಇದೇ ಉತ್ತರ.

ಇನ್ನು ಒಂದು ಸಾವಿನ ವಿಷಯ ಬರೆಯಬೇಕು. ಪಕ್ಕದ ತಾಲ್ಲೂಕಿನಲ್ಲಿ 19 ವರ್ಷದ ಒಬ್ಬ ಹುಡುಗ, ಅವನ ತಾಯಿ ನಮ್ಮ ಸಂಘವೊಂದರ ಸದಸ್ಯೆ. ಗಾಡಿಯ ಕೀ ಸ್ವಿಚ್ ಕೆಟ್ಟಿತ್ತು. ಎಲ್ಲರೂ ಮಾಡುವ ಹಾಗೆ ಅವನೂ ನೆಲದ ಮೇಲೆ, ಹಿಂದಿನ ದೊಡ್ಡ ಚಕ್ರದ ಮುಂದೆ ನಿಂತುಕೊಂಡು, ಸ್ಟಾರ್ಟರ್ ಮೋಟರಿನ ಎರಡು ಟರ್ಮಿನಲ್ಲಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದ. ಗಾಡಿ ಗೇರಿನಲ್ಲಿತ್ತು. ಎಂಜಿನ್ ಹೊತ್ತಿಕೊಂಡಿತು, ಚಕ್ರ ಮುಂದೆ ಬಂತು. ಅಷ್ಟೇ. ಸ್ವಿಚ್ಚಿನ ಬೆಲೆ ಕೆಲವು ನೂರು ರೂಪಾಯಿ. ಕೆಲವು ಮಾದರಿಗಳಲ್ಲಿ ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಅಥವಾ ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗುವ ಸೇಫ್ಟಿ ಸ್ವಿಚ್ ಇರುತ್ತದೆ. ಸ್ಕ್ರೂಡ್ರೈವರ್ ಹಿಡಿದಾಗ ಆ ಸ್ವಿಚ್ ಲೆಕ್ಕಕ್ಕೇ ಬರುವುದಿಲ್ಲ. ಹಳೇ ಗಾಡಿ ಕಟ್ಟುವವರು ಈ ವೈರಿಂಗನ್ನು ಸರಿಮಾಡದೆ ಗಾಡಿಯನ್ನು ಹೊರಗೆ ಬಿಡಬಾರದು.

ಅಲಂಕಾರ ಎಲ್ಲಿಯವರೆಗೆ?

ಗಾಡಿಯನ್ನು ತನ್ನ ಇಷ್ಟದಂತೆ ಮಾಡಿಕೊಳ್ಳುವುದು ತಪ್ಪೇನಲ್ಲ. ಆಯುಧ ಪೂಜೆಯ ದಿನ ನಮ್ಮೂರಿನ ಟ್ರ್ಯಾಕ್ಟರುಗಳು ಮದುಮಗನ ಹಾಗೆ ಕಾಣುವುದಿಲ್ಲವೇ? ಒಳ್ಳೆಯ ಸೀಟು, ರಾತ್ರಿ ಕೆಲಸಕ್ಕೆ ಹಿಂದಕ್ಕೊಂದು ದೀಪ, ಬಿಸಿಲಿಗೆ ಮೇಲ್ಛಾವಣಿ, ಇವು ಬೇಕಾದ ಬದಲಾವಣೆಗಳೇ. ಆದರೆ ತೆಳು ಪೈಪಿನ ಛಾವಣಿ ಗಾಡಿ ಮಗುಚಿದಾಗ ತಲೆ ಕಾಯುವುದಿಲ್ಲ ಎಂಬುದು ನೆನಪಿರಲಿ.

ಶಕ್ತಿ ಹೆಚ್ಚಲಿ ಎಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿಸುತ್ತಾರೆ. ಕಪ್ಪು ಹೊಗೆ ಕಂಡರೆ ಹುಡುಗರಿಗೆ ಖುಷಿ. ಅದು ಸುಡದೇ ಹೋದ ಡೀಸೆಲ್, ಅಂದರೆ ನಮ್ಮದೇ ದುಡ್ಡು. ಎಂಜಿನ್ ಕಾಯುತ್ತದೆ, ಪಿಸ್ಟನ್ ಹಾಳಾಗುತ್ತದೆ. ಅಳತೆ ಮೀರಿದ ಅಗಲದ ಟೈರು ಆಕ್ಸಲಿಗೂ ಬೇರಿಂಗಿಗೂ ಭಾರ. ಹಿಂದೆ ತಿರುಗುವ ಪಿ.ಟಿ.ಒ. ಶಾಫ್ಟಿನ ಮೇಲಿನ ತಗಡಿನ ಕವಚವನ್ನು "ಚಂದ ಕಾಣಲ್ಲ" ಎಂದು ಕಿತ್ತು ಹಾಕಿದ ಗಾಡಿಗಳನ್ನು ನಾನೇ ನೋಡಿದ್ದೇನೆ. ಆ ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಒಂದು ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಒಕ್ಕಣೆ ಕಾಲದಲ್ಲಿ ಅದರ ಪಕ್ಕ ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಪಂಜಾಬಿನಲ್ಲಿ ಟ್ರ್ಯಾಕ್ಟರುಗಳನ್ನು ಮಾರ್ಪಡಿಸಿ ಮುಂದಿನ ಚಕ್ರ ಎತ್ತಿ ಆಟ ತೋರಿಸುವ ರೂಢಿ ಬೆಳೆದಿತ್ತು. 2023ರ ಅಕ್ಟೋಬರಿನಲ್ಲಿ ಒಂದು ಗ್ರಾಮೀಣ ಮೇಳದಲ್ಲಿ ಹಾಗೆ ಆಟ ತೋರಿಸುತ್ತಿದ್ದ ಯುವಕನೇ ಚಕ್ರದಡಿ ಸಿಕ್ಕಿ ಸತ್ತ ಮೇಲೆ ಅಲ್ಲಿನ ಸರಕಾರ ಅದನ್ನು ನಿಷೇಧಿಸಿತು. ನಮ್ಮಲ್ಲಿ ಆಟವಿಲ್ಲದೆಯೇ ಮುಂದಿನ ಚಕ್ರ ಏಳುತ್ತದೆ. ಕೆಸರಿನಲ್ಲಿ ಹಿಂದಿನ ಚಕ್ರ ಹೂತಾಗ ಅದಕ್ಕೆ ಮರದ ದಿಮ್ಮಿ ಕಟ್ಟಿ ಗಾಡಿ ಏರಿಸುತ್ತಾರಲ್ಲ, ಅಲ್ಲಿ. ಚಕ್ರ ತಿರುಗಲಾರದಾಗ ಎಂಜಿನ್ನಿನ ಶಕ್ತಿ ಗಾಡಿಯ ಮೈಯನ್ನೇ ಆಕ್ಸಲಿನ ಸುತ್ತ ಹಿಂದಕ್ಕೆ ತಿರುಗಿಸುತ್ತದೆ. ಡ್ರೈವರ್ ಕೆಳಗೆ, ಗಾಡಿ ಮೇಲೆ. ಕ್ಲಚ್ ತುಳಿಯುವಷ್ಟೂ ಸಮಯ ಸಿಗುವುದಿಲ್ಲ. ರಿವರ್ಸ್‌ನಲ್ಲಿ ಬರಬೇಕು, ಆಗದಿದ್ದರೆ ಇನ್ನೊಂದು ಗಾಡಿಯಿಂದ ಎಳೆಸಬೇಕು. ಹಾಗೆಯೇ ನಮ್ಮ ಗಾಡಿಯಿಂದ ಏನನ್ನಾದರೂ ಎಳೆಯುವಾಗ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಹಾಕಬೇಕು, ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಅಲ್ಲ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುವುದು ಇಲ್ಲಿಯೇ. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಚ್.ಪಿ. ನಮೂದು ಇದ್ದರೆ, ಸಾಲ ಎಂದೋ ತೀರಿದ್ದರೂ ಎನ್.ಒ.ಸಿ. ತಂದು ಫಾರಂ 35ರಲ್ಲಿ ತೆಗೆಸಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31 ಇದೆ. ನಮ್ಮ ಅಕ್ಕನ ಗಾಡಿ ಆರು ವರ್ಷವಾದರೂ ಯಜಮಾನರ ಹೆಸರಿನಲ್ಲೇ ಇತ್ತು. "ಅವರ ಹೆಸರು ತೆಗೆಸೋಕೆ ಮನಸ್ಸು ಬರಲಿಲ್ಲ ಸಿಸ್ಟರ್" ಎಂದರು. ಅದಕ್ಕೆ ನಾನೇನೂ ಹೇಳಲಿಲ್ಲ. ಮುಂದಿನ ವಾರ ಇಬ್ಬರೂ ಆರ್.ಟಿ.ಒ. ಕಚೇರಿಗೆ ಹೋಗಿಬಂದೆವು.

ಪಟ್ಟಿ ಏನಾಯಿತು?

ಮೇಸ್ತ್ರಿಯವರು ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಅದೇ ಹಾಳೆಯ ಹಿಂಬದಿಯಲ್ಲಿ ಹೊಸ ಪಟ್ಟಿ ಬರೆಸಿದರು. ಬ್ರೇಕ್ ಮತ್ತು ಸೀಲ್, ಸ್ಟೇರಿಂಗ್ ಮತ್ತು ಕಿಂಗ್ ಪಿನ್, ವೈರಿಂಗ್ ಮತ್ತು ಸ್ವಿಚ್, ಕ್ಲಚ್, ಲಿಫ್ಟ್, ನಾಝಲ್ ಮತ್ತು ಪಂಪು, ಆಮೇಲೆ ಮುಂದಿನ ಟೈರು. ಹುಡುಗ ಮುಖ ಸಣ್ಣ ಮಾಡಿಕೊಂಡು, "ಬಣ್ಣ?" ಎಂದ. "ದುಡಿದ ದುಡ್ಡಲ್ಲಿ ಹೊಡಿ ಮಗಾ" ಎಂದರು. ಸಂಘ ಸಾಲವನ್ನು ಎರಡು ಕಂತಿನಲ್ಲಿ ಕೊಟ್ಟಿತು. ಮೊದಲ ಕಂತಿನ ಬಿಲ್ಲುಗಳನ್ನು ಇಬ್ಬರು ಸದಸ್ಯರು ಗ್ಯಾರೇಜಿಗೆ ಹೋಗಿ ನೋಡಿದ ಮೇಲೆ ಎರಡನೆಯದು. ಬಿಡಿಭಾಗದ ಅಂಗಡಿಯವರು ಮೊದಲು ಅವರನ್ನು ಮಾತಾಡಿಸಲೂ ಇಲ್ಲವಂತೆ, ಆಮೇಲೆ ಕುರ್ಚಿ ಹಾಕಿದರಂತೆ.

ಗಾಡಿ ಮುಂಗಾರು ನಾಟಿಗೆ ಗದ್ದೆಗಿಳಿಯಿತು. ಬಾನೆಟ್ಟಿನ ಮೇಲೆ ಇನ್ನೂ ಆ ಹಳೇ ಮಾಸಿದ ಕೆಂಪೇ. ಹತ್ತನೇ ಕಂತು ಕಟ್ಟಿ ಮುಗಿಸಿದ ತಿಂಗಳು ಹುಡುಗ ಮಡ್‌ಗಾರ್ಡಿಗೆ ಮಾತ್ರ ಬಣ್ಣ ಹೊಡೆಸಿ, ಅಪ್ಪನ ಹೆಸರು ಬರೆಸಿದ್ದಾನೆ. ಸೌಂಡ್ ಬಾಕ್ಸಿನ ಮಾತು ಆಗಾಗ ತೆಗೆಯುತ್ತಾನಂತೆ.

ಸಂಘದ ಸಭೆಯಲ್ಲಿ ಮಾತನಾಡಲು: ನಮ್ಮ ಊರಿನಲ್ಲಿ ಸ್ಕ್ರೂಡ್ರೈವರಿನಿಂದ ಸ್ಟಾರ್ಟ್ ಮಾಡುವ ಗಾಡಿಗಳು ಎಷ್ಟಿವೆ, ಯಾರವು? ಒಕ್ಕಣೆಗೆ ಬರುವ ಟ್ರ್ಯಾಕ್ಟರಿಗೆ ಶಾಫ್ಟಿನ ಕವಚ ಇದೆಯೇ, ಇಲ್ಲದಿದ್ದರೆ ಕೂಲಿಗೆ ಹೋಗುವ ನಾವು ಸೇರಿ ಕೇಳಬಹುದೇ? ಯಂತ್ರಕ್ಕೆ ಸಾಲ ಕೊಡುವಾಗ ಖರ್ಚಿನ ಪಟ್ಟಿಯನ್ನು ಯಾರಿಗೆ ತೋರಿಸಬೇಕು? ಮುಂದಿನ ಸಭೆಗೆ ಟ್ರ್ಯಾಕ್ಟರ್ ಇರುವ ಮನೆಯವರು ಆರ್.ಸಿ. ಮತ್ತು ವಿಮೆಯ ಜೆರಾಕ್ಸ್ ತನ್ನಿ, ದಿನಾಂಕ ಒಟ್ಟಿಗೆ ನೋಡೋಣ.